ಸಂಪರ್ಕ ಪಟ್ಟಿ, ಕ್ಯಾಲೆಂಡರ್ ಎರಡೂ ಟರ್ಮಿನಲ್‌ನಲ್ಲೇ: ಸರ್ವರಿನೊಂದಿಗೆ ಸಿಂಕ್ ಮಾಡುವ ಸುರಕ್ಷಿತ ಕ್ರಮ

ಪ್ರಶ್ನೆ: ನಾನು ಮನೆಯಿಂದಲೇ ಅನುವಾದದ ಕೆಲಸ ಮಾಡುತ್ತೇನೆ. ದಿನದ ಬಹುಪಾಲು ಲಿನಕ್ಸ್ ಲ್ಯಾಪ್‌ಟಾಪಿನ ಟರ್ಮಿನಲ್ ಮುಂದೆಯೇ ಕಳೆಯುತ್ತದೆ. ಸುಮಾರು 400 ಸಂಪರ್ಕಗಳು ಮತ್ತು ಎರಡು ಕ್ಯಾಲೆಂಡರ್‌ಗಳು ನೆಕ್ಸ್ಟ್‌ಕ್ಲೌಡ್ ಸರ್ವರಿನಲ್ಲಿವೆ, ಫೋನಿಗೂ ಸರಿಯಾಗಿ ಬರುತ್ತಿವೆ. ಬ್ರೌಸರ್ ತೆರೆಯದೆ ಇವನ್ನು ನೋಡುವ, ತಿದ್ದುವ ವ್ಯವಸ್ಥೆ ಬೇಕು. ಸರ್ವರಿನೊಂದಿಗೆ ಸಿಂಕ್ ಮಾಡುವ ವಿಡಿರ್‌ಸಿಂಕರ್ ತಂತ್ರಾಂಶ ಹಾಕಿ ನೋಡಿದೆ, ಮೊದಲ ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಲ್ಯಾಪ್‌ಟಾಪಿನ ಫೋಲ್ಡರುಗಳನ್ನು ಓರಣ ಮಾಡಿದ ಮೇಲೆ ‘ಸ್ಟೋರೇಜ್ ಪೂರ್ತಿ ಖಾಲಿಯಾಗಿದೆ’ ಎಂಬರ್ಥದ ಎಚ್ಚರಿಕೆ ಬಂದಿತು. ಹೆದರಿ ನಿಲ್ಲಿಸಿದ್ದೇನೆ. ಮುಂದೇನು ಮಾಡಲಿ?
– ಓದುಗರು, ಶಿರಸಿ

ಉತ್ತರ: ನೀವು ಅಲ್ಲಿಗೇ ನಿಲ್ಲಿಸಿದ್ದು ಒಳ್ಳೆಯದಾಯಿತು. ಆ ಎಚ್ಚರಿಕೆಯನ್ನು ಬಲವಂತವಾಗಿ ದಾಟಿದ್ದರೆ ಸರ್ವರಿನಲ್ಲಿದ್ದ 400 ಹೆಸರುಗಳೂ ಅಳಿಸಿಹೋಗಿ, ಮುಂದಿನ ಸಿಂಕ್‌ಗೆ ಫೋನಿನಿಂದಲೂ ಮಾಯವಾಗುತ್ತಿದ್ದವು. ಅದು ಏಕೆ ಎಂದು ತಿಳಿದರೆ ಹೆದರಿಕೆ ತಾನಾಗಿಯೇ ಹೋಗುತ್ತದೆ, ಹಾಗಾಗಿ ಬುಡದಿಂದ ಹೇಳುತ್ತೇನೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಕೊಡಿ.

ಈ ವ್ಯವಸ್ಥೆಯಲ್ಲಿ ಸರ್ವರಿನೊಂದಿಗೆ ವ್ಯವಹರಿಸುವುದು ವಿಡಿರ್‌ಸಿಂಕರ್ ಒಂದೇ. ಕ್ಯಾಲೆಂಡರಿಗೆ 2007ರಲ್ಲಿ ಪ್ರಕಟವಾದ ಕ್ಯಾಲ್‌ಡ್ಯಾವ್, ಸಂಪರ್ಕಗಳಿಗೆ 2011ರ ಕಾರ್ಡ್‌ಡ್ಯಾವ್ ಎಂಬ ಮುಕ್ತ ಮಾನಕಗಳನ್ನು ಬಳಸಿ ಅದು ಸರ್ವರಿನಲ್ಲಿರುವ ಒಂದೊಂದು ಹೆಸರನ್ನೂ ಒಂದೊಂದು ವಿಸಿಎಫ್ ಕಡತವಾಗಿ, ಒಂದೊಂದು ಕಾರ್ಯಕ್ರಮವನ್ನೂ ಒಂದೊಂದು ಐಸಿಎಸ್ ಕಡತವಾಗಿ ನಿಮ್ಮ ಫೋಲ್ಡರಿಗೆ ತಂದಿಡುತ್ತದೆ. ಕ್ಯಾಲೆಂಡರ್ ತೋರಿಸುವ ಖಾಲ್, ಹೆಸರು ಹುಡುಕುವ ಖಾರ್ಡ್ – ಇವೆರಡೂ ಆ ಫೋಲ್ಡರನ್ನಷ್ಟೇ ಓದಿ ಬರೆಯುತ್ತವೆ, ಇವುಗಳಿಗೆ ಸರ್ವರಿನ ಗೊಡವೆಯೇ ಇಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ಹೋದ ಮಳೆಗಾಲದ ಸಂಜೆಯಲ್ಲೂ ನಿಮ್ಮ ವಿಳಾಸಗಳು ಕೈಗೆ ಸಿಗುವುದು ಈ ಕಾರಣದಿಂದ. ನನಗೆ ಈ ಏರ್ಪಾಡು ಹಿಡಿಸಿರುವುದೂ ಅದಕ್ಕಾಗಿಯೇ.

ಸಂರಚನೆಯ ಕಡತ ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ವಿಡಿರ್‌ಸಿಂಕರ್ ಎಂಬ ಹೆಸರಿನಡಿ ಇರುತ್ತದೆ. ಅದರಲ್ಲಿ ಎರಡು ‘ಪೇರ್’ಗಳನ್ನು, ಅಂದರೆ ಜೋಡಿಗಳನ್ನು, ಬರೆಯಬೇಕು: ಒಂದು ಸಂಪರ್ಕಗಳಿಗೆ, ಇನ್ನೊಂದು ಕ್ಯಾಲೆಂಡರಿಗೆ. ಪ್ರತಿ ಜೋಡಿಯ ‘ಎ’ ಬದಿಗೆ ನಿಮ್ಮ ಫೋಲ್ಡರ್, ‘ಬಿ’ ಬದಿಗೆ ಸರ್ವರ್ ಎಂದಿಟ್ಟುಕೊಳ್ಳಿ. ನೆಕ್ಸ್ಟ್‌ಕ್ಲೌಡ್‌ಗೆ ಕೊಡಬೇಕಾದ ವಿಳಾಸ ನಿಮ್ಮ ಸರ್ವರಿನ ಹೆಸರು, ಅದರ ನಂತರ ಓರೆಗೆರೆ, ರಿಮೋಟ್ ಡಾಟ್ ಪಿಎಚ್‌ಪಿ, ಓರೆಗೆರೆ, ಡಿಎವಿ, ಮತ್ತೊಂದು ಓರೆಗೆರೆ. ಎರಡು ಹಂತದ ಲಾಗಿನ್ ಇಟ್ಟುಕೊಂಡಿದ್ದರೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಪುಟದಲ್ಲಿ ಈ ಲ್ಯಾಪ್‌ಟಾಪಿಗೆಂದೇ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಮಾಡಿಸಿಕೊಳ್ಳಿ. ಎರಡು ಹಂತ ಇಲ್ಲದವರಿಗೂ ನನ್ನ ಸಲಹೆ ಇದೇ, ಏಕೆಂದರೆ ಲ್ಯಾಪ್‌ಟಾಪ್ ಕಳೆದುಹೋದ ದಿನ ಅದೊಂದನ್ನೇ ರದ್ದು ಮಾಡಿದರೆ ಸಾಕಾಗುತ್ತದೆ. ಆ ಪಾಸ್‌ವರ್ಡನ್ನು ಕಡತದಲ್ಲಿ ನೇರವಾಗಿ ಬರೆದಿಡಬೇಡಿ. ‘ಪಾಸ್‌ವರ್ಡ್ ಡಾಟ್ ಫೆಚ್’ ಎಂಬ ಸಾಲಿನಲ್ಲಿ ಪಾಸ್ ಎಂಬ ಪಾಸ್‌ವರ್ಡ್ ನಿರ್ವಾಹಕದ ಕಮಾಂಡ್ ಕೊಟ್ಟರೆ ವಿಡಿರ್‌ಸಿಂಕರ್ ಬೇಕಾದಾಗ ಅಲ್ಲಿಂದ ಕೇಳಿ ಪಡೆಯುತ್ತದೆ.

‘ಕಲೆಕ್ಷನ್ಸ್’ ಎಂಬ ಸಾಲಿನಲ್ಲಿ ಬಹಳ ಮಂದಿ ‘ಫ್ರಮ್ ಎ, ಫ್ರಮ್ ಬಿ’ ಎಂದು ಬರೆದು ಎರಡೂ ಕಡೆ ಇರುವುದೆಲ್ಲ ಬರಲಿ ಎನ್ನುತ್ತಾರೆ. ಆಗ ನೆಕ್ಸ್ಟ್‌ಕ್ಲೌಡ್ ತಾನೇ ಸೃಷ್ಟಿಸುವ ಹುಟ್ಟುಹಬ್ಬಗಳ ಕ್ಯಾಲೆಂಡರ್ ಕೂಡ ಇಳಿದುಬರುತ್ತದೆ. ಅದು ಓದಲು ಮಾತ್ರ ಇರುವಂಥದ್ದು. ಅದರಲ್ಲಿ ನೀವು ಅಕಸ್ಮಾತ್ ಏನನ್ನಾದರೂ ತಿದ್ದಿದರೆ ಸರ್ವರ್ ಒಪ್ಪದೆ ಪ್ರತಿ ಸಿಂಕ್‌ನಲ್ಲೂ ದೋಷ ತೋರಿಸುತ್ತಿರುತ್ತದೆ. ಬೇಕಾದ ಕ್ಯಾಲೆಂಡರ್‌ಗಳ ಹೆಸರನ್ನೇ ಬರೆಯುವುದು ನೆಮ್ಮದಿ. ನೆನಪಿರಲಿ, ಇಲ್ಲಿ ಕೊಡಬೇಕಾದದ್ದು ಪರದೆಯ ಮೇಲೆ ಕಾಣುವ ಹೆಸರಲ್ಲ, ವಿಳಾಸದ ಕೊನೆಯ ತುಂಡು. ನೆಕ್ಸ್ಟ್‌ಕ್ಲೌಡ್‌ನಲ್ಲಿ ಮೊದಲಿನಿಂದ ಇರುವ ಕ್ಯಾಲೆಂಡರಿಗೆ ಅದು ‘ಪರ್ಸನಲ್’, ಸಂಪರ್ಕ ಪಟ್ಟಿಗೆ ‘ಕಾಂಟ್ಯಾಕ್ಟ್ಸ್’.

ಇಷ್ಟಾದ ಮೇಲೆ ‘ವಿಡಿರ್‌ಸಿಂಕರ್ ಡಿಸ್ಕವರ್’ ಕೊಡಿ. ಒಂದು ಬದಿಯಲ್ಲಿ ಇಲ್ಲದ ಪಟ್ಟಿಯನ್ನು ಸೃಷ್ಟಿಸಲೇ ಎಂದು ಅದು ಕೇಳುತ್ತದೆ. ಲ್ಯಾಪ್‌ಟಾಪಿನ ಕಡೆಗೆ ಕೇಳಿದರೆ ಹೌದೆನ್ನಿ. ಸರ್ವರಿನ ಕಡೆಗೆ ಕೇಳಿದರೆ ತಡೆಯಿರಿ, ಬಹುತೇಕ ನೀವು ಹೆಸರಿನಲ್ಲಿ ಎಲ್ಲೋ ಅಕ್ಷರ ತಪ್ಪಿರುತ್ತೀರಿ. ಅನಂತರ ‘ವಿಡಿರ್‌ಸಿಂಕರ್ ಸಿಂಕ್’.

ಈಗ ನಿಮ್ಮ ಎಚ್ಚರಿಕೆಯ ವಿಷಯ. ಎರಡು ಪಟ್ಟಿಗಳನ್ನು ಎದುರುಬದುರು ಇಟ್ಟುಕೊಂಡಾಗ ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ಇಲ್ಲವೆಂದರೆ ಅದಕ್ಕೆ ಎರಡು ಅರ್ಥ ಸಾಧ್ಯ: ಇಲ್ಲಿ ಹೊಸದಾಗಿ ಸೇರಿಸಿರಬಹುದು, ಅಥವಾ ಅಲ್ಲಿ ಅಳಿಸಿರಬಹುದು. ಬರೀ ಎರಡು ಪಟ್ಟಿಗಳನ್ನು ನೋಡಿ ಇದನ್ನು ಯಾರೂ ಹೇಳಲಾರರು. ಅದಕ್ಕಾಗಿಯೇ ವಿಡಿರ್‌ಸಿಂಕರ್ ‘ಸ್ಟೇಟಸ್ ಪಾತ್’ ಎಂಬಲ್ಲಿ ಮೂರನೆಯದೊಂದು ದಾಖಲೆ ಇಟ್ಟುಕೊಂಡಿರುತ್ತದೆ. ಹಿಂದಿನ ಸಿಂಕ್ ಮುಗಿದಾಗ ಎರಡೂ ಕಡೆ ಏನಿತ್ತು, ಯಾವ ಆವೃತ್ತಿಯಲ್ಲಿತ್ತು ಎಂಬುದು ಅದರಲ್ಲಿದೆ. ಹಿಂದೆ ಎರಡೂ ಕಡೆ ಇದ್ದು ಈಗ ಒಂದು ಕಡೆ ಇಲ್ಲವಾದರೆ, ನೀವೇ ಅಳಿಸಿದ್ದೀರಿ ಎಂದು ತಿಳಿದು ಇನ್ನೊಂದು ಕಡೆಯೂ ಅಳಿಸುತ್ತದೆ. ನೀವು ಓರಣ ಮಾಡುವಾಗ ವಿಸಿಎಫ್ ಕಡತಗಳನ್ನು ಬೇರೆಡೆಗೆ ಸರಿಸಿದ್ದೀರಿ, ಆದರೆ ಸ್ಟೇಟಸ್ ದಾಖಲೆ ಹಾಗೆಯೇ ಉಳಿದಿದೆ. ಹಾಗಾಗಿ ತಂತ್ರಾಂಶದ ಲೆಕ್ಕದಲ್ಲಿ ಅಷ್ಟೂ ಹೆಸರುಗಳನ್ನು ನೀವು ಅಳಿಸಿದಂತಾಯಿತು. ಒಂದು ಬದಿ ಪೂರ್ತಿ ಬರಿದಾಗಿದ್ದರಿಂದ ಅನುಮಾನಪಟ್ಟು ನಿಂತು ಕೇಳಿತು, ಅಷ್ಟೆ.

ಇಲ್ಲಿ ‘ಫೋರ್ಸ್ ಡಿಲೀಟ್’ ಆಯ್ಕೆ ಕೊಡಬೇಡಿ. ಫೋಲ್ಡರಿಗೆ ಏನನ್ನೂ ವಾಪಸು ಹಾಕದೆ, ಸ್ಟೇಟಸ್ ಫೋಲ್ಡರಿನಲ್ಲಿ ಆ ಜೋಡಿಗೆ ಸೇರಿದ ದಾಖಲೆಯನ್ನು ಮಾತ್ರ ತೆಗೆದು, ಮತ್ತೆ ಡಿಸ್ಕವರ್, ಮತ್ತೆ ಸಿಂಕ್ ಮಾಡಿ. ಹಿಂದಿನ ನೆನಪಿಲ್ಲದ ಕಾರಣ ಸರ್ವರಿನ ಹೆಸರುಗಳೆಲ್ಲ ಹೊಸವೆಂದು ಭಾವಿಸಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತದೆ.

ಒಂದು ಮಾತನ್ನು ಒತ್ತಿ ಹೇಳಬೇಕು. ಈ ಕಾವಲು ಕೆಲಸ ಮಾಡುವುದು ಫೋಲ್ಡರ್ ಪೂರ್ತಿ ಬರಿದಾದಾಗ ಮಾತ್ರ. 400ರಲ್ಲಿ 399 ಹೋಗಿ ಒಂದೇ ಒಂದು ಕಡತ ಉಳಿದಿದ್ದರೂ ಅದು ಕೇಳದೆಯೇ 399ನ್ನೂ ಸರ್ವರಿನಿಂದ ಅಳಿಸುತ್ತದೆ. ಕೆಲವು ವರ್ಷಗಳ ಹಿಂದೆ ನಾನೇ ಹಳೆಯ ಬ್ಯಾಕಪ್‌ನಿಂದ ಅರ್ಧಂಬರ್ಧ ಫೋಲ್ಡರ್ ಮರಳಿಸಿ, ಸ್ಟೇಟಸ್ ತೆಗೆಯುವುದನ್ನು ಮರೆತು ಸಿಂಕ್ ಮಾಡಿದ್ದೆ. ತೀರಿಕೊಂಡ ಹಿರಿಯರೊಬ್ಬರ ವಿಳಾಸವೂ ಅವರು ಹೇಳಿ ಬರೆಸಿದ್ದ ಟಿಪ್ಪಣಿಯೂ ಆ ದಿನ ಹೋದವು. ಸಿಂಕ್ ಎಂಬುದು ಬ್ಯಾಕಪ್ ಅಲ್ಲ, ತಪ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆಗೂ ತಲುಪಿಸುತ್ತದೆ. ಅಂದಿನಿಂದ ಸಂಪರ್ಕಗಳ ಮೇಲು ಫೋಲ್ಡರನ್ನು, ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಇಟ್ಟಿದ್ದೇನೆ. ಒಬ್ಬರಿಗೆ ಒಂದು ಕಡತ ಇರುವುದರಿಂದ ಯಾರ ಯಾವ ಸಾಲು ಯಾವತ್ತು ಬದಲಾಯಿತೆಂಬುದು ಸ್ಪಷ್ಟವಾಗಿ ಕಾಣುತ್ತದೆ. ದಯವಿಟ್ಟು ನೀವೂ ಮೊದಲ ಸಿಂಕ್ ಮುಗಿದ ದಿನವೇ ಇದನ್ನು ಮಾಡಿ.

ಖಾಲ್ ಹೊಂದಿಸಲು ‘ಖಾಲ್ ಕಾನ್ಫಿಗರ್’ ಎಂದರೆ ಸಾಕು, ಅದೇ ಪ್ರಶ್ನೆ ಕೇಳುತ್ತದೆ. ದಿನಾಂಕದ ರೂಪವನ್ನು ದಿನ, ತಿಂಗಳು, ವರ್ಷ ಎಂದೇ ಆರಿಸಿ, ಇಲ್ಲವಾದರೆ ಅಮೆರಿಕದ ಕ್ರಮದಲ್ಲಿರುವ ಲ್ಯಾಪ್‌ಟಾಪಿನಲ್ಲಿ ಜೂನ್ 5ರ ಕೆಲಸ ಮೇ 6ಕ್ಕೆ ಹೋಗಿ ಕೂರುತ್ತದೆ. ಸಮಯ ವಲಯ ಏಷ್ಯಾ/ಕೋಲ್ಕತಾ ಎಂದಿರಲಿ. ಎಲ್ಲವೂ ಐದೂವರೆ ಗಂಟೆ ಹಿಂದೆ ಮುಂದೆ ಕಾಣುತ್ತಿದ್ದರೆ ತಪ್ಪಿರುವುದು ಇಲ್ಲಿಯೇ.

ಕೊನೆಗೆ, 15 ನಿಮಿಷಕ್ಕೊಮ್ಮೆ ತಾನಾಗಿ ಸಿಂಕ್ ಆಗಲು ಲಿನಕ್ಸಿನಲ್ಲೇ ಇರುವ ಸಿಸ್ಟಮ್‌ಡಿ ಟೈಮರ್ ಹಾಕಿಕೊಳ್ಳಿ. ಪಾಸ್ ಬಳಸುವವರು ಒಂದನ್ನು ಗಮನಿಸಬೇಕು: ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಕಾಯುವ ಜಿಪಿಜಿ ಬೀಗ ತೆರೆದಿರದಿದ್ದರೆ ಟೈಮರ್ ಸದ್ದಿಲ್ಲದೆ ಸೋಲುತ್ತಿರುತ್ತದೆ, ವಾರಗಟ್ಟಲೆ ಗೊತ್ತೇ ಆಗುವುದಿಲ್ಲ. ಆಗಾಗ ಲಿನಕ್ಸಿನ ದಾಖಲೆ ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ಕಣ್ಣಾಡಿಸಿ.

ಪ್ರಶ್ನೆ: ಹಳೆಯ ಫೋನಿನಿಂದ ತೆಗೆದ ವಿಸಿಎಫ್ ಕಡತದಲ್ಲಿ ಕನ್ನಡ ಹೆಸರುಗಳಿರುವಲ್ಲಿ ಬರೀ ಸಮ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಖಾರ್ಡ್ ಅವನ್ನು ಓದುವುದಿಲ್ಲ. ಹೆಸರುಗಳು ಹಾಳಾಗಿವೆಯೇ?
– ಓದುಗರು, ಹಾಸನ

ಉತ್ತರ: ಹಾಳಾಗಿಲ್ಲ. ಅದು ವಿಕಾರ್ಡ್ (ವಿಸಿಎಫ್ ಕಡತ ಬರೆಯುವ ಮಾನಕ) 2.1 ಆವೃತ್ತಿಯ ಕಡತ. ಆ ಕಾಲದ ಕ್ರಮದಲ್ಲಿ ಕನ್ನಡದಂಥ ಲಿಪಿಯನ್ನು ಬೈಟ್ ಬೈಟಾಗಿ ಬಿಡಿಸಿ ಬರೆಯುತ್ತಿದ್ದರು. ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಕಾಗುಣಿತದ ಮತ್ತು ಒತ್ತಿನ ಒಂದೊಂದು ಗುರುತಿಗೂ ಮೂರು ಮೂರು ಬೈಟ್. ಪ್ರತಿ ಬೈಟಿಗೆ ಒಂದು ಸಮ ಚಿಹ್ನೆ ಮತ್ತು ಎರಡು ಅಂಕಿ ಅಥವಾ ಇಂಗ್ಲಿಷ್ ಅಕ್ಷರ. ಹೀಗೆ ‘ಶಿವಮೊಗ್ಗ’ ಎಂಬ ಒಂದೇ ಊರಿನ ಹೆಸರು 72 ಚಿಹ್ನೆಗಳ ಸಾಲಾಗುತ್ತದೆ. 1998ರ 3.0 ಆವೃತ್ತಿ ಈ ಪದ್ಧತಿಯನ್ನು ಕೈಬಿಟ್ಟಿತು, ಖಾರ್ಡ್ ಬಯಸುವುದೂ 3.0 ಅಥವಾ 4.0 ಆವೃತ್ತಿಯನ್ನೇ. ಸುಲಭದ ದಾರಿಯೆಂದರೆ ಆ ಕಡತವನ್ನು ಈಗಿನ ಆಂಡ್ರಾಯ್ಡ್ ಫೋನಿನ ಸಂಪರ್ಕ ಪಟ್ಟಿಗೆ ಇಂಪೋರ್ಟ್ ಮಾಡಿ, ಸರ್ವರಿನ ಖಾತೆಯನ್ನೇ ಆರಿಸಿ ಉಳಿಸಿ, ಅಲ್ಲಿಂದ ವಿಡಿರ್‌ಸಿಂಕರ್‌ನಲ್ಲಿ ಇಳಿಸಿಕೊಳ್ಳುವುದು. ಆಮೇಲೆ ಒಂದು ಕಡತವನ್ನು ತೆರೆದು ನೋಡಿ; ಹೆಸರು ಕನ್ನಡದಲ್ಲೇ ಇದ್ದು, ಮೇಲಿನ ಸಾಲುಗಳಲ್ಲಿ ಆವೃತ್ತಿ 3.0 ಅಥವಾ 4.0 ಎಂದಿದ್ದರೆ ಕೆಲಸ ಆದಂತೆ.

ಇಂಪೋರ್ಟ್ ಅನ್ನು ಒಂದೇ ಸಾಧನದಲ್ಲಿ, ಒಂದೇ ಬಾರಿ ಮಾಡಿ. ಫೋನಿನಲ್ಲೊಮ್ಮೆ, ಬ್ರೌಸರಿನಲ್ಲೊಮ್ಮೆ ಮಾಡಿದರೆ ಒಬ್ಬರೇ ವ್ಯಕ್ತಿಗೆ ಎರಡು ಬೇರೆ ಗುರುತು ಸಂಖ್ಯೆಗಳು ಬಿದ್ದು, ಇಬ್ಬರೆಂದೇ ತಿಳಿದು ಎಲ್ಲ ಕಡೆಗೂ ಎರಡೆರಡು ಬಾರಿ ಹರಡುತ್ತವೆ.