ಸೋಮವಾರದ ಕಾಸು ಶನಿವಾರದವರೆಗೆ

ಮನೆ ಖರ್ಚು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗ ಐದನೇ ಕ್ಲಾಸು. ದಿನಾ 10 ರೂಪಾಯಿ ಕೊಡುತ್ತೇವೆ, ಸಂಜೆ ಸ್ಕೂಲ್ ಗೇಟಿನ ಹೊರಗೇ ಮುಗಿಸಿ ಬರುತ್ತಾನೆ. ತಾತ ಬಂದಾಗ 100 ಬೇರೆ. ಹುಂಡಿ ತಂದುಕೊಟ್ಟೆವು, ಎರಡು ವಾರ ಹಾಕಿ ಬಿಟ್ಟ. ಉಳಿಸುವುದನ್ನು ಹೇಗೆ ಕಲಿಸುವುದು?
– ಓದುಗರು, ಮಂಡ್ಯ

ಉತ್ತರ: ದಿನಾ ಕೊಟ್ಟರೆ ಉಳಿಸುವುದಕ್ಕೆ ಅವನಿಗೆ ಕಾರಣವೇ ಇಲ್ಲ. ಇವತ್ತು ಖಾಲಿಯಾದರೇನಂತೆ, ನಾಳೆ ಬೆಳಿಗ್ಗೆ ಮತ್ತೆ 10 ಬರುತ್ತದಲ್ಲ. ಆರು ದಿನದ 60 ರೂಪಾಯಿಯನ್ನು ಸೋಮವಾರ ಒಟ್ಟಿಗೆ ಕೊಡಿ. ನೋಟು ಬೇಡ, ಐದರ ನಾಣ್ಯ ಹನ್ನೆರಡು, ಅವನೇ ಎಣಿಸಿಕೊಳ್ಳಲಿ. ಪೆನ್ಸಿಲ್, ರಬ್ಬರು ನಿಮ್ಮ ಖರ್ಚು. ಕಳೆದುಕೊಂಡು ಬಂದ ಪೆನ್ಸಿಲ್ಲಿನ ಬದಲಿಗೆ ತರುವುದು ಅವನ ಖರ್ಚು.

ಮೊದಲ ವಾರ ಮಂಗಳವಾರಕ್ಕೇ ಕೈ ಖಾಲಿಯಾದೀತು. ಆಗಲಿ ಬಿಡಿ. ಬುಧವಾರ ಗೋಗರೆದಾಗ ‘ಪಾಪ, ಐದು ರೂಪಾಯಿ ತಾನೇ’ ಅಂತ ಕೊಟ್ಟಿರೋ, ವಾರದ ಕಾಸು ಮತ್ತೆ ದಿನದ ಕಾಸಾಯಿತು. ಹಾಗಂತ ‘ನಾನು ಹೇಳಿರಲಿಲ್ವಾ’ ಅಂತ ಹಂಗಿಸಲೂ ಬೇಡಿ. ಮುಂದಿನ ಸೋಮವಾರ ಮಾತ್ರ ತಪ್ಪಿಸಬೇಡಿ. ನೀವೇ ಮರೆತು ಗುರುವಾರ ಕೊಟ್ಟರೆ ಅವನು ಲೆಕ್ಕ ಹಾಕುವುದಾದರೂ ಹೇಗೆ?

ಮಣ್ಣಿನ ಹುಂಡಿಯಲ್ಲಿ ಎಷ್ಟು ಸೇರಿತೆಂದು ಕಾಣುವುದಿಲ್ಲ, ಒಡೆಯದೆ ತೆಗೆಯಲಾಗದು. ಖಾಲಿ ಹಾರ್ಲಿಕ್ಸ್ ಬಾಟಲಿ ವಾಸಿ. ಮೇಲೆ ಚೀಟಿ ಅಂಟಿಸಿ ಬೇಕಾದ ವಸ್ತು, ಅದರ ಬೆಲೆ ಬರೆಯಲಿ. ವಾರಕ್ಕೆ 20 ಹಾಕುವ ಹುಡುಗನಿಗೆ ಮೊದಲ ಗುರಿ 120 ರೂಪಾಯಿ ದಾಟದಿರಲಿ, ಆರು ವಾರಕ್ಕೆ ಕೈಗೆ ಸಿಗುತ್ತದೆ. ಸೈಕಲ್ ಅಂತ ಬರೆದರೆ ಮೂರನೇ ವಾರಕ್ಕೇ ಉತ್ಸಾಹ ಇಳಿದುಹೋಗುತ್ತದೆ. ತಾತನ ನೂರರಲ್ಲಿ ಅರ್ಧ ಬಾಟಲಿಗೆ, ಅರ್ಧ ಅವನ ಕೈಗೆ. ಪೂರ್ತಿ ಕಿತ್ತುಕೊಂಡರೆ ಮುಂದಿನ ಸಲ ಬಚ್ಚಿಡುತ್ತಾನೆ. ಇನ್ನು ತಿಂಗಳ ಕೊನೆಯಲ್ಲಿ ಹಾಲಿನವನಿಗೆಂದು ಆ ಬಾಟಲಿಗೆ ಕೈ ಹಾಕುವ ಅಪ್ಪ ಅಮ್ಮಂದಿರಿದ್ದಾರೆ. ಹುಂಡಿಯ ಮೇಲೆ ಮಕ್ಕಳಿಗೆ ನಂಬಿಕೆ ಹೋಗುವುದೇ ಅಲ್ಲಿ.

ಗೇಟಿನ ಹೊರಗೆ ಖರ್ಚಾಗುವುದರಲ್ಲಿ ಹಸಿವಿನ ಪಾಲೂ ಇದೆ. ಮಧ್ಯಾಹ್ನ ಉಂಡವನಿಗೆ ನಾಲ್ಕು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಬ್ಯಾಗಿನಲ್ಲಿ ಒಗ್ಗರಣೆ ಪುರಿಯ ಡಬ್ಬಿ ಇರಲಿ. 100 ಗ್ರಾಂ ಕಡ್ಲೆಪುರಿಗೆ ಎರಡು ಚಮಚ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ ನಾಲ್ಕೆಸಳು, ಕರಿಬೇವು, ಒಂದು ಹಿಡಿ ಹುರಿಗಡಲೆ, ಅರಿಶಿನ, ಉಪ್ಪು. ಸಣ್ಣ ಉರಿಯಲ್ಲಿ ಪುರಿ ಗರಿಗರಿಯಾಗುವವರೆಗೆ ಕೈಯಾಡಿಸಿ. ಖಾರದ ಪುಡಿ ಒಲೆ ಆರಿಸಿದ ಮೇಲೆ, ಇಲ್ಲದಿದ್ದರೆ ಸೀಯುತ್ತದೆ. ಪೂರ್ತಿ ಆರದೆ ಮುಚ್ಚಳ ಹಾಕಿದರೆ ಹಬೆ ಕುಳಿತು ಮೆತ್ತಗಾಗುತ್ತದೆ, ಆಮೇಲೆ ಅವನು ಮುಟ್ಟುವುದಿಲ್ಲ.

ಪ್ರಶ್ನೆ: ಇಬ್ಬರು ಮಕ್ಕಳು. ಜೂನ್ ಬಂತೆಂದರೆ ಯೂನಿಫಾರ್ಮ್, ಶೂ, ನೋಟ್‌ಬುಕ್ ಅಂತ ಕೈ ಬರಿದಾಗುತ್ತದೆ. ಎಲ್ಲಿ ಉಳಿಸಬಹುದು?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹೊಲಿಸುವುದಾದರೆ ಪ್ಯಾಂಟಿನ ಕಾಲಿಗೆ ಎರಡಿಂಚು, ಸೊಂಟಕ್ಕೆ ಒಂದಿಂಚು ಬಟ್ಟೆ ಒಳಗೆ ಬಿಡಲು ಟೈಲರಿಗೆ ಮೊದಲೇ ಹೇಳಿ. ಕತ್ತರಿಸಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಕಾಟನ್ ಬಟ್ಟೆಯನ್ನು ರಾತ್ರಿ ನೆನೆಸಿ ಒಣಗಿಸಿ ಕೊಡಿ, ಕುಗ್ಗುವುದು ಅಲ್ಲೇ ಕುಗ್ಗಲಿ. ಶೂ ವಿಷಯದಲ್ಲಿ ‘ಬೆಳೆಯೋ ಮಗು, ದೊಡ್ಡದಿರಲಿ’ ಎಂಬ ಲೆಕ್ಕ ಬೇಡ. ಹೆಬ್ಬೆರಳಿನ ಮುಂದೆ ನಿಮ್ಮ ಒಂದು ಬೆರಳಗಲ ಜಾಗ ಸಾಕು; ಹೆಚ್ಚಾದರೆ ಹಿಮ್ಮಡಿ ಜಾರಿ ಬೊಬ್ಬೆ ಬರುತ್ತದೆ.

ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಿಂದ ರಫ್ ಬುಕ್ ಮಾಡಿ. ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ಕೊನೆಯ ಖಾಲಿ ಹಾಳೆಯ ಜೋಡಿ ಮೊದಲಿನ ಬರೆದ ಹಾಳೆ, ಹಾಗಾಗಿ ಜೋಡಿಯಾಗಿ ತೆಗೆಯಲು ಬರುವುದಿಲ್ಲ. ಪಿನ್ ಬಿಚ್ಚಿ ಮಡಿಕೆಯ ಗುಂಟ ಬ್ಲೇಡಿನಿಂದ ಬಿಡಿಸಿಕೊಳ್ಳಿ. ಒಂದೇ ಅಳತೆಯ 40 ಹಾಳೆ ತಟ್ಟಿ ಸಮ ಮಾಡಿ, ಬಟ್ಟೆ ಕ್ಲಿಪ್ ಹಾಕಿ, ಎಡ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ದಬ್ಬಳದಿಂದ ಮೂರು ತೂತು. ಅಂಚಿಗೆ ಹತ್ತಿರವಾದರೆ ಹರಿಯುತ್ತದೆ, ದೂರವಾದರೆ ಪುಸ್ತಕ ತೆರೆದುಕೊಳ್ಳದು. ಗಟ್ಟಿ ದಾರವನ್ನು ಹಿಂದಿನಿಂದ ನಡುವಿನ ತೂತಿಗೆ ಏರಿಸಿ, ಮೇಲಿನದರಲ್ಲಿ ಇಳಿಸಿ, ಹಿಂದಿನಿಂದಲೇ ಕೆಳಗಿನದಕ್ಕೆ ಒಯ್ದು ಏರಿಸಿ, ಮತ್ತೆ ನಡುವಿನದರಲ್ಲಿ ಇಳಿಸಿ ಗಂಟು ಹಾಕಿ. ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆ. ದಾರ ಪೋಣಿಸುವ ಕೆಲಸ ಮಕ್ಕಳಿಗೇ ಬಿಡಿ. ತಾನೇ ಹೊಲಿದ ಪುಸ್ತಕದ ಹಾಳೆ ಹರಿದು ರಾಕೆಟ್ ಮಾಡಲು ಮನಸ್ಸು ಬಾರದು.

ಪ್ರಶ್ನೆ: ಮಗಳಿಗೆ ಎರಡು ವರ್ಷ. ತಿಂಗಳಿಗೆ 1,000 ರೂಪಾಯಿ ಉಳಿಸಬಲ್ಲೆವು. ಪೂರ್ತಿ ಸುಕನ್ಯಾ ಸಮೃದ್ಧಿಗೇ ಹಾಕಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಪೂರ್ತಿ ಬೇಡ. ಹೆಣ್ಣುಮಕ್ಕಳ ಹೆಸರಿನಲ್ಲಿ ಹಣ ಕೂಡಿಡಲೆಂದು 2015ರಲ್ಲಿ ಶುರುವಾದ ಈ ಸರ್ಕಾರಿ ಯೋಜನೆಯಲ್ಲಿ 15 ವರ್ಷ ಕಟ್ಟಬೇಕು, ಖಾತೆ ಮುಗಿಯುವುದು ತೆರೆದ 21ನೇ ವರ್ಷಕ್ಕೆ. ಅಷ್ಟರಲ್ಲಿ ಮಗಳಿಗೆ 23. ಓದಿಗೆಂದು ಮಧ್ಯದಲ್ಲಿ ತೆಗೆಯುವುದಾದರೆ 18 ತುಂಬಿದ ಮೇಲೆ ಅಥವಾ ಹತ್ತನೇ ಕ್ಲಾಸು ಪಾಸಾದ ಮೇಲೆ, ಅದೂ ಹಿಂದಿನ ಮಾರ್ಚ್ ಕೊನೆಯ ಬಾಕಿಯ ಅರ್ಧದವರೆಗೆ ಮಾತ್ರ. ಒಂದನೇ ಕ್ಲಾಸಿನ ಫೀಸಿಗೆ ಇದು ಒದಗುವುದಿಲ್ಲ.

600 ಅಲ್ಲಿ ಹಾಕಿ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. 2024ರ ಜನವರಿಯಲ್ಲಿ ನಿಗದಿಯಾದ ಶೇ 8.2 ಹಾಗೇ ಮುಂದುವರಿದರೆ, ಕಟ್ಟಿದ 1,08,000 ಕೊನೆಗೆ ಸುಮಾರು 3.3 ಲಕ್ಷವಾಗುತ್ತದೆ. ತಿಂಗಳ 5ರೊಳಗೆ ಕಟ್ಟಿ. ಬಡ್ಡಿ ಲೆಕ್ಕ 5ನೇ ತಾರೀಖಿನಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಬಾಕಿಯ ಮೇಲೆ, 6ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ವರ್ಷಕ್ಕೆ ಕನಿಷ್ಠ 250 ಕಟ್ಟದಿದ್ದರೆ 50 ರೂಪಾಯಿ ದಂಡ.

ಉಳಿದ 400 ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಗೆ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿಗೆ. ಅವಳಿಗೆ ಏಳು ತುಂಬುವಾಗ ಅದು ಕೈಗೆ ಬರುತ್ತದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ನಾಲ್ಕು ಕಂತು ಬಾಕಿ ಉಳಿದರೆ ಖಾತೆ ನಿಲ್ಲುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಚಾಲೂ ಮಾಡಿಸಿಕೊಳ್ಳಬೇಕು. ಸುಕನ್ಯಾ ಖಾತೆಗೆ ಮಗಳ ಜನನ ಪ್ರಮಾಣ ಪತ್ರ, ನಿಮ್ಮ ಆಧಾರ್, ಪಾನ್, ಫೋಟೊ ಒಯ್ಯಿರಿ. ಜನನ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇದ್ದರೆ ಮೊದಲು ಹೆಸರು ಸೇರಿಸಿಕೊಂಡು ಹೋಗಿ.