ಓದುಗರ ಪ್ರಶ್ನೆ, ತಜ್ಞರ ಉತ್ತರ: ವಿಡಿಯೊದಲ್ಲಿ ಡಾಕ್ಟರು, ಮೊಬೈಲಿನಲ್ಲಿ ರಿಪೋರ್ಟು

ಪ್ರಶ್ನೆ: ನಮ್ಮವ್ವನಿಗೆ 68 ವರ್ಷ. ಬಿಪಿ, ಶುಗರ್ ಎರಡೂ ಇವೆ. ಮೊಬೈಲಿನಲ್ಲಿ ವಿಡಿಯೊ ಮೂಲಕ ಎರಡು ಸಲ ಡಾಕ್ಟರಿಗೆ ತೋರಿಸಿದೆವು. ಒಮ್ಮೆ ನಡುವೆಯೇ ಕಟ್ಟಾಯಿತು. ಇನ್ನೊಮ್ಮೆ ಗುಳಿಗೆ ಬದಲಿಸದೆ ‘ಆಸ್ಪತ್ರೆಗೆ ಹೋಗಿ’ ಎಂದರು. ಇದರಿಂದ ಉಪಯೋಗ ಇದೆಯೇ?
– ಓದುಗರೊಬ್ಬರು, ಇಂಡಿ ತಾಲೂಕು

ಉತ್ತರ: ಇದೆ. ಆದರೆ ವಿಡಿಯೊದಲ್ಲಿ ಡಾಕ್ಟರು ಕೈಯಿಂದ ಮುಟ್ಟಿ ನೋಡುವಂತಿಲ್ಲ. ನೀವು ಕೊಟ್ಟ ಅಂಕಿಗಳೇ ಅವರಿಗೆ ಆಧಾರ. ಅಂಕಿ ಇಲ್ಲದಿದ್ದರೆ ಗುಳಿಗೆ ಬದಲಿಸದಿರುವುದೇ ಸರಿ.

ಅವ್ವನನ್ನು ಮನೆಯಿಂದ ತೋರಿಸುವ ಬದಲು ಊರಿನ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ (ಸರ್ಕಾರಿ ಆರೋಗ್ಯ ಕೇಂದ್ರ) ಕರೆದೊಯ್ಯಿರಿ. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ, ಶುಗರ್ ಅಳೆದು, ಸರ್ಕಾರದ ವಿಡಿಯೊ ವೈದ್ಯ ಸೇವೆಯಾದ ಇ-ಸಂಜೀವಿನಿಯಲ್ಲಿ ತಾವೇ ಡಾಕ್ಟರಿಗೆ ಜೋಡಿಸುತ್ತಾರೆ. ಖರ್ಚಿಲ್ಲ. ಮನೆಯಿಂದಲೇ ಮಾಡುವುದಾದರೆ ತಯಾರಿ ಬೇಕು. ಬಿಪಿ ನೋಡುವ ಅರ್ಧ ಗಂಟೆ ಮೊದಲು ಚಹಾ, ತಂಬಾಕು ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ, ತೋಳು ಎದೆಮಟ್ಟಕ್ಕೆ ಇರಲಿ, ಬಿಪಿ ಯಂತ್ರದ ಪಟ್ಟಿಯನ್ನು ಸೀರೆ ಸೆರಗಿನ ಮೇಲಲ್ಲ, ಬರಿ ತೋಳಿಗೆ ಸುತ್ತಿ. ಒಂದೆರಡು ನಿಮಿಷ ಬಿಟ್ಟು ಮತ್ತೆ ನೋಡಿ, ಎರಡನ್ನೂ ಬರೆದಿಡಿ. ಶುಗರ್ ಅಂಕಿಯ ಪಕ್ಕದಲ್ಲಿ ಖಾಲಿ ಹೊಟ್ಟೆಯದೋ ಊಟವಾಗಿ ಎರಡು ತಾಸಿನದೋ ಎಂದು ಬರೆಯದಿದ್ದರೆ ಆ ಅಂಕಿಯಿಂದ ಪ್ರಯೋಜನ ಕಡಿಮೆ.

ರಿಪೋರ್ಟನ್ನು ಕಿಟಕಿ ಬೆಳಕಿನಲ್ಲಿ, ಒಂದು ಹಾಳೆಗೆ ಒಂದು ಫೋಟೊದಂತೆ ತೆಗೆಯಿರಿ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ಫೋಟೊ ಮಸುಕಾಗಿರುತ್ತದೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.2ರ ಚುಕ್ಕೆ ಅಳಿಸಿ 12 ಎಂದು ಕಂಡರೆ ಎಂಥ ಗೊಂದಲ! ಗುಳಿಗೆಗಳ ಹೆಸರು ಹೇಳುವ ಗೋಜಿಗೇ ಹೋಗದೆ ಚೀಟಿಯನ್ನೇ ಕ್ಯಾಮೆರಾಕ್ಕೆ ಹಿಡಿಯಿರಿ.

ತಗಡಿನ ಛತ್ತಿನ ಕೆಳಗೆ ಸಿಗ್ನಲ್ ಕುಗ್ಗುತ್ತದೆ, ಅಂಗಳಕ್ಕೆ ಬನ್ನಿ. ನಡುವೆ ಬೇರೆ ಕರೆ ಬಂದರೂ ವಿಡಿಯೊ ಕಡಿಯಬಹುದು. ಕೆಲವು ಔಷಧಿಗಳನ್ನು ವಿಡಿಯೊದಲ್ಲಿ ಬರೆಯಲು ಡಾಕ್ಟರಿಗೆ ಅನುಮತಿಯೇ ಇಲ್ಲ: 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಾರ ಆತಂಕ ತಗ್ಗಿಸುವ ಆಲ್ಪ್ರಜೋಲಾಂನಂಥ ಗುಳಿಗೆ ಬರೆಯುವಂತಿಲ್ಲ, ಒತ್ತಾಯಿಸಬೇಡಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಉಸಿರುಗಟ್ಟುವುದು ಕಂಡರೆ ವಿಡಿಯೊ ಬಿಟ್ಟು 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ‘ಆಭಾ’ ಕಾರ್ಡು ಮಾಡಿಸಿದರೂ ಆಸ್ಪತ್ರೆಯಲ್ಲಿ ಬಿಲ್ ಕಟ್ಟಲೇಬೇಕಾಯಿತು. ರಿಪೋರ್ಟೂ ಮೊಬೈಲಿಗೆ ಬಂದಿಲ್ಲ. ಯಾಕೆ?
– ಓದುಗರೊಬ್ಬರು, ಹುನಗುಂದ

ಉತ್ತರ: ಬಿಲ್ಲಿಗೂ ಆಭಾಕ್ಕೂ ಸಂಬಂಧವಿಲ್ಲ. ಆಭಾ ಎಂದರೆ ನಿಮ್ಮ ಆರೋಗ್ಯ ದಾಖಲೆಗಳನ್ನು ಮೊಬೈಲಿನಲ್ಲಿ ಒಂದೆಡೆ ಕೂಡಿಸುವ 14 ಅಂಕಿಯ ಗುರುತು ಸಂಖ್ಯೆ, ಅಷ್ಟೇ. ಚಿಕಿತ್ಸೆಯ ಹಣ ಭರಿಸುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ.

ರಿಪೋರ್ಟು ಬಾರದಿರುವುದಕ್ಕೆ ಬಹಳ ಸಲ ಕಾರಣ ಹೆಸರು. ಆಧಾರಿನಲ್ಲಿ ‘ಬಸವ್ವ’, ಆಸ್ಪತ್ರೆ ಚೀಟಿಯಲ್ಲಿ ‘ಬಸಮ್ಮ’; ವಯಸ್ಸು ಬಾಯಿಮಾತಿನ ಅಂದಾಜು; ಮೊಬೈಲ್ ಸಂಖ್ಯೆ ಮಗನದೋ ಅಳಿಯನದೋ. ಹೆಸರು, ಹುಟ್ಟಿದ ವರ್ಷ, ಲಿಂಗ, ಮೊಬೈಲ್ ತಾಳೆಯಾದರೆ ಮಾತ್ರ ದಾಖಲೆ ಕೂಡುತ್ತದೆ. ಹೊರರೋಗಿ ಚೀಟಿ ಮಾಡಿಸುವಾಗಲೇ ಆಧಾರಿನಲ್ಲಿರುವಂತೆ ಬರೆಸಿ. ಕೌಂಟರಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿವರ ಕಳಿಸಿದರೆ ಈ ತಪ್ಪಿಗೆ ಆಸ್ಪದವೇ ಇಲ್ಲ. ಹಾಗೆ ಸಿಗುವ ಟೋಕನ್ 30 ನಿಮಿಷ ಮಾತ್ರ ನಡೆಯುತ್ತದೆ, ಸ್ಕ್ಯಾನ್ ಮಾಡಿ ಚಹಾದಂಗಡಿಯಲ್ಲಿ ಕೂರಬೇಡಿ. ಆಸ್ಪತ್ರೆಯೇ ಆಭಾ ವ್ಯವಸ್ಥೆಗೆ ಸೇರಿಲ್ಲದಿದ್ದರೆ ಏನು ಮಾಡಿದರೂ ರಿಪೋರ್ಟು ಬರದು. ಕಾಗದದ ಫೈಲು ಬಿಸಾಡಬೇಡಿ.

ಪ್ರಶ್ನೆ: ಮನಸ್ಸಿನ ತೊಂದರೆಗೂ ಇಂಥ ವ್ಯವಸ್ಥೆ ಇದೆಯೇ? ನಮ್ಮಲ್ಲಿರುವುದು ಬಟನ್ ಫೋನ್.
– ಓದುಗರೊಬ್ಬರು, ಸವದತ್ತಿ

ಉತ್ತರ: ಬಟನ್ ಫೋನೇ ಸಾಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಹಣ ಕಡಿತವಾಗದು. ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ಮೊದಲು ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಬಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ.