ಕಂಸದೊಳಗೆ ಕುಳಿತ ಅಜ್ಜಿ

ನಮಸ್ಕಾರ.

ಆಳಂದದಿಂದ ನೀವು ಕಳುಹಿಸಿದ ‘ಆಡುಮಾತು ಮತ್ತು ಹೆಣ್ಣು’ ಲೇಖನವನ್ನು ಓದಿದೆ. ಈ ರೂಪದಲ್ಲಿ ಅದನ್ನು ಪ್ರಕಟಿಸಲಾರೆ.

ಮೊದಲ ಎರಡು ಪುಟ ತಾಯ್ನುಡಿಯ ಸ್ತುತಿ; ಕಿತ್ತುಹಾಕಿದರೆ ಯಾರಿಗೂ ನಷ್ಟವಿಲ್ಲ. ಹೆಂಗಸರು ಒರಟು ನುಡಿಗೆ ಸಹಜವಾಗಿಯೇ ಹಿಂಜರಿಯುತ್ತಾರೆ ಎಂದು ಡೆನ್ಮಾರ್ಕಿನ ಭಾಷಾವಿಜ್ಞಾನಿ ಒಟ್ಟೋ ಯೆಸ್ಪರ್ಸನ್ 1922ರಲ್ಲಿ ಬರೆದದ್ದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೀರಿ. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರ ಜೊತೆ ಒಂದು ಹೊತ್ತು ಕಳೆದವರು ಇದನ್ನು ನಂಬಲಾರರು. ನಮ್ಮ ಪಕ್ಕದ ಬಸವಕಲ್ಯಾಣವನ್ನೇ ನೆನೆಯಿರಿ. ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆ ತನ್ನ ಕಸುಬಿನ ‘ಒತ್ತೆ’ ಎಂಬ ಮಾತನ್ನು, ಅಂದರೆ ಗಿರಾಕಿಯಿಂದ ಹಿಡಿಯುವ ಹಣವನ್ನು, ಹಾಗೆಯೇ ವಚನಕ್ಕೆ ತಂದಳು, ‘ನಿರ್ಲಜ್ಜೇಶ್ವರ’ ಎಂದು ಅಂಕಿತ ಇಟ್ಟುಕೊಂಡಳು. ನಿಮ್ಮ ಲೇಖನದಲ್ಲಿ ಅವಳಿಲ್ಲ, ಯೆಸ್ಪರ್ಸನ್ ಇದ್ದಾನೆ.

ಉರ್ದುವಿನ ಭಾಗ ಪರವಾಗಿಲ್ಲ. 1808ರಲ್ಲಿ ಉರ್ದು ಕವಿ ಇನ್ಶಾ ದೆಹಲಿಯ ಹೆಂಗಸರ ನುಡಿಗಟ್ಟುಗಳನ್ನು ದಾಖಲಿಸಿದ್ದು, 1917ರಲ್ಲಿ ಸೈಯದ್ ಅಹ್ಮದ್ ದೆಹಲವಿ ಅಂಥವುಗಳದೇ ನಿಘಂಟು ತಂದದ್ದು ಸರಿಯಾಗಿ ಬಂದಿದೆ. ಆದರೆ ಬರೆದವರಿಬ್ಬರೂ ಗಂಡಸರು. ಅವರ ಕಿವಿಗೆ ಬೀಳದೆ ಉಳಿದದ್ದೆಷ್ಟು ಎಂಬ ಅನುಮಾನ ನಿಮಗೆ ಬರಬೇಕಿತ್ತು. ನಮ್ಮ ಕಡೆಯ ಉರ್ದುವಾದ ದಖನಿ ಮನೆಬಾಗಿಲಲ್ಲೇ ಇರುವಾಗ ದೆಹಲಿಗೇಕೆ ಹೋದಿರೋ! ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಚಕ್ಕಿನಾಮಾಗಳ ಹೆಸರೂ ಇಲ್ಲ.

ಏಳನೆಯ ಪುಟದಲ್ಲಿ, ಅದೂ ಕಂಸದೊಳಗೆ, ಒಂದು ವಾಕ್ಯವಿದೆ: ಗಂಡನ ಹೆಸರಿನಲ್ಲಿ ಬೆಲ್ಲವಿದ್ದುದರಿಂದ ನಿಮ್ಮ ಅಜ್ಜಿ ಅಂಗಡಿಯಲ್ಲಿ ‘ಸಿಹಿ ಹೆಂಟೆ’ ಕೇಳುತ್ತಿದ್ದರು. ಲೇಖನ ಇರುವುದು ಇಲ್ಲಿ. ಗಂಡನ ಹೆಸರು ಹೇಳಬಾರದೆಂಬ ಕಟ್ಟಳೆ ಇದ್ದುದರಿಂದಲೇ, ಆ ಹೆಸರನ್ನು ಪದ್ಯದಲ್ಲಿ ಹೆಣೆದು ಹೇಳುವ ಮದುವೆಮನೆಯ ಒಡಪಿಗೆ ಅಷ್ಟು ರುಚಿ. ಅದೇ ಕಟ್ಟಳೆ ಅಜ್ಜಿಯಿಂದ ಹೊಸ ಮಾತೊಂದನ್ನು ಕಟ್ಟಿಸಿತು. ಆ ಮಾತು ಮುಂದೇನಾಯಿತು? ಸೊಸೆಯರು ಬಳಸಿದರೇ? ಓಣಿಯ ಹುಡುಗಿಯರು ಅಣಕಿಸಲು ಎತ್ತಿಕೊಂಡರೇ? ಅಂಗಡಿಯವನು ಬೇರೆ ಗಿರಾಕಿಗಳಿಗೂ ಹಾಗೆಯೇ ಹೇಳತೊಡಗಿದನೇ? ಒಬ್ಬಳ ಮಾತು ಓಣಿಯ ಮಾತಾಗುವ ಈ ದಾರಿಯನ್ನು ನೀವು ಹಿಡಿಯಲೇ ಇಲ್ಲ.

ಒಡಪುಗಳನ್ನೂ ಬೈಗುಳಗಳನ್ನೂ ಕೂಡಿಸಿ. ಬರೀ ಪಟ್ಟಿ ಬೇಡ. ಯಾರು, ಯಾರ ಎದುರು, ಯಾವ ಸಿಟ್ಟಿಗೆ ಅಥವಾ ಯಾವ ನಗೆಗೆ ಆಡಿದರು ಎಂಬುದು ಬೇಕು. ಆಡಿದವರ ಒಪ್ಪಿಗೆ ಕೇಳಿ, ಹೆಸರು ಬಿಡಿ. ನೀವು ಗಂಡಸು, ಕೆಲವು ಮಾತು ನಿಮ್ಮೆದುರು ಹೊರಬರುವುದಿಲ್ಲ. ಪತ್ರದಲ್ಲಿ ಅಕ್ಕನ ವಿಷಯ ಬರೆದಿದ್ದೀರಲ್ಲ, ಅವರನ್ನು ಕರೆದುಕೊಳ್ಳಿ. ಲೇಖನದ ಮೇಲೆ ಅವರ ಹೆಸರೂ ಇರಲಿ.

1,200 ಪದ ಸಾಕು. ಬೈಗುಳಗಳಿಗೆ ನೀವೇ ಚುಕ್ಕಿ ಹಾಕಿ ಕಳುಹಿಸಬೇಡಿ. ಹಾಕಲೇಬೇಕಾಗಿ ಬಂದರೆ ಆ ಕೆಲಸ ನನ್ನದು.